ಗಿರಣಿ ಓಣಿಯ ಅರವತ್ತನಾಲ್ಕು ಅತಿಥಿಗಳು

ನೀವು ದೊಡ್ಡ ದೊಡ್ಡ ಊಟಗಾರರನ್ನು ನೋಡಿರಬಹುದು. ಮದುವೆ ಮನೆಯಲ್ಲಿ ಕೂತರೆ ಬಡಿಸುವವರ ಸೊಂಟ ಮುರಿಯುವವರೆಗೆ ಏಳದವರು ನಿಮ್ಮ ನೆಂಟರಲ್ಲೇ ಇರಬಹುದು. ಅವರನ್ನೆಲ್ಲ ಸಾಲಾಗಿ ಬೇಜಾ ಊರಿನ ಗಿರಣಿ ಓಣಿಗೆ ಕರೆತನ್ನಿ. ನಮ್ಮ ಓಣಿಯ ಒಂದೂವರೆ ವರ್ಷದವರು ಅವರಿಗೆ ಮೊದಲ ಪಂಕ್ತಿಯಲ್ಲೇ ಮಣ್ಣು ಮುಕ್ಕಿಸುತ್ತಾರೆ. ತಲಾ ಐವತ್ತೈದು ಕಿಲೋ ತೂಕ. ದಿನಕ್ಕೆ ತಲಾ ಒಂದು ಡಜನ್ ಬ್ರೆಡ್ಡು, ಅದೂ ಮೊಳದುದ್ದದ್ದು. ಇದನ್ನು ನಾನು ಹೇಳುತ್ತಿಲ್ಲ, ಮೊಹರು ಒತ್ತಿದ ಸರ್ಕಾರಿ ಕಾಗದ ಹೇಳುತ್ತದೆ. ಆ ಕಾಗದ ಬರೆದ ಗಂಡು ವಜ್ದಿ. ರಾಜಧಾನಿ ಟ್ಯೂನಿಸ್‌ನಿಂದ ಬಂದ ಮಹಾನಿರ್ದೇಶಕಿಯ ಬಾಯನ್ನು ಒಂದೇ ಒಂದು ಡೈಲಾಗಿನಲ್ಲಿ ಮುಚ್ಚಿಸಿ, ಇಡೀ ದೇಶದ ಆಹಾರ ನೀತಿಯನ್ನು ಎಡಗೈಯಲ್ಲಿ ತಿರುಗಿಸಿ ನಿಲ್ಲಿಸಿದವನೂ ಅವನೇ. ಎದ್ದು ಹೋಗುವವರು ಈಗಲೇ ಹೋಗಿ. ಕಥೆ ಶುರುವಾದ ಮೇಲೆ ಬಾಗಿಲು ತೆಗೆಯುವುದಿಲ್ಲ.

ವಜ್ದಿಗೆ ಇಪ್ಪತ್ಮೂರು ವರ್ಷ. ಆಹಾರ ಸಮತೋಲನ ಕಚೇರಿಯಲ್ಲಿ ಮನೆ ಮನೆಗೆ ಹೋಗಿ ಲೆಕ್ಕ ಬರೆದುಕೊಂಡು ಬರುವ ತಾತ್ಕಾಲಿಕ ಕೆಲಸ. ಊರವರ ಬಾಯಲ್ಲಿ ಅದು ತಕ್ಕಡಿ ಕಚೇರಿ. ದೇಶದಲ್ಲಿ ಎಷ್ಟು ಗೋಧಿ ಬೆಳೆಯಿತು, ಹಡಗಿನಲ್ಲಿ ಎಷ್ಟು ಬಂತು, ಅದರಲ್ಲಿ ಎಷ್ಟು ಜನರ ಹೊಟ್ಟೆಗೆ ಹೋಯಿತು, ಎಷ್ಟು ಹಾಳಾಯಿತು ಎಂದು ಬರೆದು ಎರಡು ತಟ್ಟೆಗಳನ್ನೂ ಸಮ ಮಾಡುವುದು ಆ ಕಚೇರಿಯ ಕೆಲಸ. ಸಮ ಆಗದಿದ್ದರೆ ಟ್ಯೂನಿಸ್‌ನಲ್ಲಿ ಯಾರಿಗೋ ನಿದ್ದೆ ಬರುವುದಿಲ್ಲವಂತೆ.

ವಜ್ದಿಯ ಅಕ್ಷರ ಮುತ್ತಿನಂತಿತ್ತು, ಕೆಲಸ ಸಿಕ್ಕಿದ್ದು ಅದಕ್ಕೆ. ಉಳಿದ ವಿದ್ಯೆಯನ್ನೆಲ್ಲ ಅವನು ಕಲಿತದ್ದು ಕಾಫಿ ಅಂಗಡಿಯ ಟೀವಿಯಲ್ಲಿ ಬರುವ ಈಜಿಪ್ಟಿನ ಸಿನಿಮಾಗಳಿಂದ. ಅವನು ಸುಮ್ಮನೆ ಮಾತಾಡಿದ್ದನ್ನು ಯಾರೂ ಕೇಳಿಲ್ಲ. ಬಾಡಿಗೆ ವ್ಯಾನಿನ ಡ್ರೈವರ್ ಚಿಲ್ಲರೆ ಇಲ್ಲ ಎಂದರೆ, 'ಇವತ್ತು ನಿನ್ನ ಹತ್ರ ಚಿಲ್ಲರೆ ಇಲ್ಲ, ನಾಳೆ ನನ್ನ ಹತ್ರ ಕರುಣೆ ಇರಲ್ಲ' ಎನ್ನುತ್ತಿದ್ದ. ಡ್ರೈವರ್ ಅವನನ್ನು ಮಾರುಕಟ್ಟೆಯ ಮೂರು ಫರ್ಲಾಂಗು ಮೊದಲೇ ಇಳಿಸಿ ಹೋಗುತ್ತಿದ್ದ.

ತಾಯಿ ತೀರಿಕೊಂಡ ಮೇಲೆ ಅವನನ್ನು ಸಾಕಿದ್ದು ಸೋದರಮಾವ ತಿಜಾನಿ. ಓಣಿಯ ಬಾಯಲ್ಲೇ ತಿಜಾನಿಯ ಬೇಕರಿ. ಒಲೆ ಅವನ ಅಜ್ಜ ಕಟ್ಟಿದ್ದು. ಅಜ್ಜ ಸತ್ತ ದಿನ ಒಂದು ಬಿಟ್ಟರೆ ಅದು ಆರಿದ್ದೇ ಇಲ್ಲ ಎಂದು ತಿಜಾನಿ ಹೇಳುತ್ತಿದ್ದ, ಮತ್ತು ಆ ಮಾತು ಹೇಳುವಾಗ ಪ್ರತಿ ಸಲವೂ ಒಲೆಯ ಗೋಡೆಯನ್ನು ಎಮ್ಮೆಯ ಬೆನ್ನು ತಟ್ಟಿದ ಹಾಗೆ ತಟ್ಟುತ್ತಿದ್ದ. ಹಿಟ್ಟು ಸರ್ಕಾರದ್ದು, ಸಬ್ಸಿಡಿಯದ್ದು. ತಕ್ಕಡಿ ಕಚೇರಿಯ ಲೆಕ್ಕದ ಪ್ರಕಾರ ಓಣಿಗೆ ಎಷ್ಟು ಬೇಕೋ ಅಷ್ಟು ಮೂಟೆ ಬರುತ್ತಿತ್ತು. ದಿನಕ್ಕೆ ಸಾವಿರದ ನಾನೂರು ಬ್ರೆಡ್ಡು.

ಗಿರಣಿ ಓಣಿಯಲ್ಲಿ ಇರುವವರು ಮುನ್ನೂರ ಹನ್ನೆರಡು ಜನ. ಸಾವಿರದ ನಾನೂರನ್ನು ಅವರು ತಿನ್ನುತ್ತಿದ್ದರೇ? ಕೊಳ್ಳುತ್ತಂತೂ ಇದ್ದರು. ಬೆಳಿಗ್ಗೆಯ ಬ್ರೆಡ್ಡು ಮಧ್ಯಾಹ್ನ ತಿನ್ನುವುದು ನಮ್ಮಲ್ಲಿ ಬಡತನದ ಲಕ್ಷಣ, ಮಧ್ಯಾಹ್ನದ್ದನ್ನು ಸಂಜೆ ತಿನ್ನುವುದು ಜಿಪುಣತನದ್ದು. ಮೂರು ಹೊತ್ತೂ ಬಿಸಿಯಾಗಿಯೇ ಬೇಕು. ಇನ್ನು ಉಳಿದದ್ದು? ಓಣಿಯ ಪ್ರತಿ ಬಾಗಿಲ ಪಕ್ಕದಲ್ಲೂ ಒಂದು ಮೊಳೆ. ಮೊಳೆಗೆ ಒಂದು ಚೀಲ. ಉಳಿದ ಬ್ರೆಡ್ಡು ಆ ಚೀಲಕ್ಕೆ. ಕಸದ ಡಬ್ಬಿಗೆ ಬ್ರೆಡ್ಡು ಹಾಕಿದ ಮನೆಗೆ ಹೆಣ್ಣು ಕೊಡುವವರೂ ಇಲ್ಲ, ಅಲ್ಲಿಂದ ತರುವವರೂ ಇಲ್ಲ. ದಾರಿಯಲ್ಲಿ ಒಂದು ತುಣುಕು ಬಿದ್ದಿದ್ದರೂ ಎತ್ತಿ, ಮುತ್ತಿಟ್ಟು, ಹಣೆಗೊತ್ತಿಕೊಂಡು, ಯಾರೂ ತುಳಿಯದಂತೆ ಗೋಡೆಯ ಮೇಲಿಟ್ಟು ಮುಂದೆ ಹೋಗುತ್ತಾರೆ. ಚೀಲ ತುಂಬಿದಾಗ ಯಾರೋ ಒಯ್ಯುತ್ತಾರೆ. ಯಾರು, ಎಲ್ಲಿಗೆ ಎಂದು ಕೇಳುವ ಪದ್ಧತಿಯಿಲ್ಲ. ದೊಡ್ಡ ಹಬ್ಬಕ್ಕೆ ಕುರ್ಬಾನಿ ಕೊಡಲೆಂದು ಚಾವಣಿಯ ಮೇಲೆ, ಹಿತ್ತಲಲ್ಲಿ, ಮೆಟ್ಟಿಲ ಕೆಳಗೆ ಕಟ್ಟಿದ ಟಗರುಗಳು ಮಾತ್ರ ದಿನದಿಂದ ದಿನಕ್ಕೆ ದುಂಡಗಾಗುತ್ತಿದ್ದವು.

ಆ ವರ್ಷ ಟ್ಯೂನಿಸ್‌ನಿಂದ ಹೊಸ ನಮೂನೆ ಬಂತು. ಮನೆಗೆ ಬಂದ ಬ್ರೆಡ್ಡೆಷ್ಟು, ತಿಂದದ್ದೆಷ್ಟು, ಬಿಸಾಡಿದ್ದೆಷ್ಟು, ಪ್ರಾಣಿಗಳಿಗೆ ಹಾಕಿದ್ದೆಷ್ಟು. ಕೊನೆಯ ಎರಡು ಕಾಲಮ್ಮುಗಳಲ್ಲಿ ಎಷ್ಟು ಬರೆಯುತ್ತಾರೋ ಅಷ್ಟು ಹಿಟ್ಟನ್ನು ಆ ಓಣಿಯ ಬೇಕರಿಯಿಂದ ಕಡಿತ ಮಾಡುವುದಾಗಿ ಕೆಳಗೆ ಸಣ್ಣ ಅಕ್ಷರದಲ್ಲಿ ಅಚ್ಚಾಗಿತ್ತು. ದೇಶದ ಗೋಧಿ ದೇಶದ ಜನರ ಬಾಯಿಗೇ ಹೋಗಬೇಕು, ಅದು ನೀತಿ. ವಜ್ದಿ ಸಣ್ಣ ಅಕ್ಷರವನ್ನೂ ಓದಿದ. ಮಾವನ ಒಲೆಯ ನೆನಪಾಗಿ ಅವನ ಪೆನ್ನು ಸ್ವಲ್ಪ ಭಾರವಾಯಿತು.

ಮೊದಲ ಮನೆ ಲಲ್ಲಾ ಮನ್ನೂಬಿಯಾಳದು. ಎಪ್ಪತ್ತು ದಾಟಿದ ವಿಧವೆ, ಓಣಿಯ ಹಿರಿಯಳು; ನಮ್ಮಲ್ಲಿ ಮರ್ಯಾದೆಗೆ ಹೆಂಗಸರನ್ನು ಲಲ್ಲಾ, ಗಂಡಸರನ್ನು ಸಿ ಎನ್ನುತ್ತೇವೆ. ಅಂಗಳದಲ್ಲಿ ಕೂತು ಜರಡಿ ಹಿಡಿದು ಕುಸ್‌ಕುಸ್ ರವೆ ಸಾಣಿಸುತ್ತಿದ್ದಳು. ಬೆನ್ನ ಹಿಂದೆ ಮೊಳೆಗೆ ಮೂರು ಚೀಲ.

"ಲಲ್ಲಾ, ದಿನಕ್ಕೆ ಎಷ್ಟು ಬ್ರೆಡ್ ಬಿಸಾಕ್ತೀರಿ?" ಎಂದು ವಜ್ದಿ ಕೇಳಿದ.

ಜರಡಿ ಕೈಯಿಂದ ಜಾರಿತು. "ಬಿಸಾಕೋದಾ? ನಿನ್ನ ನಾಲಿಗೆಗೆ ಮೆಣಸಿನ ಚಟ್ನಿ ಮೆತ್ತಬೇಕು. ನಿಮ್ಮಮ್ಮ ಬದುಕಿದ್ದು ಈ ಮಾತು ಕೇಳಿಸ್ಕೊಂಡಿದ್ರೆ ಇನ್ನೊಂದ್ಸಲ ಸಾಯ್ತಿದ್ಲು ಕಣೋ."

ವಜ್ದಿ ಸೊನ್ನೆ ಬರೆದ. ಪ್ರಾಣಿಗಳಿಗೆ ಎಷ್ಟು ಎಂದು ಕೇಳಿದ. ಅವಳು ಆಕಾಶ ನೋಡಿದಳು. ಮೋಡವಿರಲಿಲ್ಲ, ಆದರೂ ಬಹಳ ಹೊತ್ತು ನೋಡಿದಳು. ಅಷ್ಟರಲ್ಲಿ ಮೆಟ್ಟಿಲ ಕೆಳಗಿಂದ ಅವಳ ಟಗರು ಪಾಷಾ ಒಂದು ಉದ್ದನೆಯ ರಾಗ ತೆಗೆಯಿತು.

"ಅದ್ಯಾರು ಲಲ್ಲಾ?"

"ಅತಿಥಿ."

"ಅತಿಥಿಗೆ ಕೊಂಬಿದೆ."

"ಇರುತ್ತಪ್ಪ, ದೇವರು ಕೊಟ್ಟಿದ್ದು. ನಿಮ್ಮ ಕಚೇರಿ ಮುಖ್ಯಸ್ಥ ಸಿ ಮೊಂಜಿಗೆ ಅಷ್ಟು ದೊಡ್ಡ ಹೊಟ್ಟೆ ಕೊಟ್ಟಿಲ್ವಾ? ನಾವೇನಾದ್ರೂ ಅಂದಿದೀವಾ?"

ವಜ್ದಿ ನಗು ತಡೆದುಕೊಂಡು, ಆ ಅತಿಥಿ ಏನು ತಿನ್ನುತ್ತಾರೆ ಎಂದು ಕೇಳಿದ. ಆಗ ಮುದುಕಿ ನಗಲಿಲ್ಲ. ಜರಡಿಯನ್ನು ಪಕ್ಕಕ್ಕಿಟ್ಟು ಅವನ ಮುಖ ನೋಡಿದಳು. "ನೋಡು ವಜ್ದಿ, ಅತಿಥಿ ತುತ್ತು ಎಣಿಸೋ ಮನೆ ಈ ಓಣಿಯಲ್ಲಿಲ್ಲ. ನೀನು ಎಣಿಸ್ತೀನಿ ಅಂದ್ರೆ ಹೊಸಿಲಾಚೆ ನಿಂತು ಎಣಿಸು."

ನಮೂನೆಯಲ್ಲಿ ಇನ್ನೊಂದು ಕಾಲಮ್ಮಿತ್ತು: ಮನೆಯಲ್ಲಿ ತಂಗಿರುವ ಅತಿಥಿಗಳು. ಬೇಸಿಗೆಯಲ್ಲಿ ಫ್ರಾನ್ಸಿನಿಂದ ಬಂದು ತಿಂಗಳುಗಟ್ಟಲೆ ಕೂರುವ ನೆಂಟರಿಗಾಗಿ ಇಟ್ಟದ್ದು. ವಜ್ದಿ ಅದನ್ನು ನೋಡಿದ. ಮೆಟ್ಟಿಲ ಕೆಳಗೆ ನೋಡಿದ. ಪಾಷಾ ಅವನನ್ನು ನೋಡಿತು. ಸಿನಿಮಾದಲ್ಲಾದರೆ ಇಲ್ಲಿ ಪಿಟೀಲು ಬಾರಿಸುತ್ತಿದ್ದರು. ಅವನು ಮುತ್ತಿನಂಥ ಅಕ್ಷರದಲ್ಲಿ 'ಒಂದು' ಎಂದು ಬರೆದ.

ಸುದ್ದಿ ಅವನಿಗಿಂತ ಮುಂದೆ ಓಡಿತು. ನಾಲ್ಕನೆಯ ಮನೆಯಲ್ಲಿ ಅವನು ಕೂರುವ ಮೊದಲೇ, ನಮ್ಮಲ್ಲೊಬ್ಬ ಅತಿಥಿ ಇದ್ದಾರೆ, ಬರ್ಕೋ ಎಂದರು. ಏಳನೆಯ ಮನೆಯಲ್ಲಿ ಇಬ್ಬರು, ಅವಳಿಗಳು. ನಿವೃತ್ತ ಮೇಷ್ಟರೊಬ್ಬರು ತಮ್ಮ ಅತಿಥಿಗೆ ಆರೋಗ್ಯ ಸರಿಯಿಲ್ಲ, ಜಾಸ್ತಿ ದಿನ ಇರಲಾರರು, ಹಬ್ಬಕ್ಕೆ ಮೊದಲೇ ಏನಾದರೂ ಆಗಿಬಿಟ್ಟರೆ ಎಂದು ಕಣ್ಣೊರೆಸಿಕೊಂಡರು. ಸಂಜೆಯೊಳಗೆ ಗಿರಣಿ ಓಣಿಯ ಅತಿಥಿಗಳ ಸಂಖ್ಯೆ ಅರವತ್ತನಾಲ್ಕಕ್ಕೆ ನಿಂತಿತು.

ಮರುದಿನ ಕಚೇರಿಯಲ್ಲಿ ಲೆಕ್ಕ. ಓಣಿಯವರು ತಲೆಗೆ ಎರಡು ಬ್ರೆಡ್ಡಿನಂತೆ ಆರುನೂರ ಇಪ್ಪತ್ತನಾಲ್ಕು. ಉಳಿದದ್ದನ್ನು ಅತಿಥಿಗಳಿಗೆ ಹಂಚಿದರೆ ತಲಾ ಹನ್ನೆರಡು. ಆಮೇಲೂ ಎಂಟು ಬ್ರೆಡ್ಡು ಹೆಚ್ಚಾಯಿತು. ಅದನ್ನು ಲೆಕ್ಕ ಬರೆಯಲು ಬಂದವನು ತಿಂದ ಎಂದು ನಮೂದಿಸಿದ. ತಟ್ಟೆ ಸಮವಾಯಿತು. ಆದರೆ ಕಂಪ್ಯೂಟರ್ ಅತಿಥಿಗಳ ಸರಾಸರಿ ವಯಸ್ಸು, ಸರಾಸರಿ ತೂಕ ಹೇಳದೆ ಮುಂದಕ್ಕೆ ಬಿಡಲಿಲ್ಲ. ವಜ್ದಿ ತರಲೆ ಹೌದು, ಆದರೆ ಅಂಕಿ ಅಂಶದಲ್ಲಿ ಸುಳ್ಳು ಬರೆಯುವವನಲ್ಲ. ಮುದುಕಿಗೆ ಫೋನು ಮಾಡಿ ಕೇಳಿದ. ಒಂದೂವರೆ ವರ್ಷ, ಐವತ್ತೈದು ಕಿಲೋ, ಉಣ್ಣೆ ಬಿಟ್ಟು ಎಂದಳು. ಅವನು ಅಷ್ಟನ್ನೂ ಬರೆದ, ಉಣ್ಣೆ ಒಂದನ್ನು ಬಿಟ್ಟು. ಬೆರಳೆತ್ತಿ, "ಈ ಗುಂಡಿ ಒತ್ತಿದ ಮೇಲೆ ಹಿಂದಕ್ಕೆ ಹೋಗೋ ದಾರಿ ಇಲ್ಲ" ಎಂದು ಗೋಡೆಗೆ ಹೇಳಿ ಗುಂಡಿ ಒತ್ತಿದ.

ಎರಡು ತಿಂಗಳ ನಂತರ ಸಿ ಮೊಂಜಿ ಅವನನ್ನು ಒಳಗೆ ಕರೆದ. ಸಿ ಮೊಂಜಿ ಎಂದರೆ ಮೇಜಿಗೂ ಕುರ್ಚಿಗೂ ನಡುವೆ ಹೊಟ್ಟೆಯನ್ನು ಇಟ್ಟುಕೊಂಡು, ಟ್ಯೂನಿಸ್‌ನಿಂದ ಫೋನು ಬಂದರೆ ಎದ್ದು ನಿಂತು ಮಾತಾಡುವ ಮನುಷ್ಯ. ಅವನ ಕೈಯಲ್ಲಿ ಒಂದು ಕಾಗದವಿತ್ತು. ಓದಿ ಹೇಳಿದ. ಗಿರಣಿ ಓಣಿಯಲ್ಲಿ ಒಂದೂವರೆ ವರ್ಷದ ಅರವತ್ತನಾಲ್ಕು ಜನ ತಲಾ ಐವತ್ತೈದು ಕಿಲೋ ತೂಗುತ್ತಿರುವುದು ಸರ್ಕಾರದ ಬ್ರೆಡ್ ನೀತಿಯ ಅಭೂತಪೂರ್ವ ಜಯ. ಶಿಶುಗಳ ಪೋಷಣೆಯಲ್ಲಿ ದೇಶ ಜಗತ್ತಿಗೇ ಮಾದರಿ. ಮಹಾನಿರ್ದೇಶಕಿ ಮೇಡಂ ಜಲೀಲಾ, ಪೌಷ್ಟಿಕ ತಜ್ಞರು ಮತ್ತು ಫೋಟೋಗ್ರಾಫರ್ ಸಮೇತ ಗುರುವಾರ ಹತ್ತು ಗಂಟೆಗೆ ಬರುತ್ತಾರೆ. ಶಿಶುಗಳನ್ನು ಬೇಕರಿಯ ಮುಂದೆ ಸಾಲಾಗಿ ನಿಲ್ಲಿಸಬೇಕು. ತಕ್ಕಡಿಯನ್ನು ನಾವೇ ತರುತ್ತೇವೆ.

"ಶಿಶುಗಳು ಅಂತ ನಾನೆಲ್ಲಿ ಬರ್ದಿದೀನಿ ಸಿ ಮೊಂಜಿ? ಅತಿಥಿಗಳು ಅಂತ ಬರ್ದಿದೀನಿ," ಎಂದ ವಜ್ದಿ.

"ಕಣ್ಣು ಮುಚ್ಕೊಂಡು ಸಹಿ ಹಾಕಿದೋನು ನಾನು ಕಣಪ್ಪ," ಎಂದ ಸಿ ಮೊಂಜಿ. ಬಾಗಿಲು ಹಾಕಿದೆಯೇ ಎಂದು ನೋಡಿಕೊಂಡು ದನಿ ತಗ್ಗಿಸಿದ. "ಆಗಲ್ಲ ಅಂತ ಬರೆಯೋಕೂ ಆಗಲ್ಲ. ನಮ್ಮನೆ ಅತಿಥಿ ಅರವತ್ತೆರಡು ಕಿಲೋ ಇದಾನೆ."

ಸಂಜೆ ವಜ್ದಿ ಬೇಕರಿಗೆ ಹೋಗಿ ಮಾವನಿಗೆ ಎಲ್ಲ ಹೇಳಿದ. ನಿಜ ಗೊತ್ತಾದರೆ ಏಳುನೂರ ಅರವತ್ತೆಂಟು ಬ್ರೆಡ್ಡು ಪ್ರಾಣಿಗಳ ಕಾಲಮ್ಮಿಗೆ ಹೋಗುತ್ತದೆ. ಅಷ್ಟು ಹಿಟ್ಟು ಹೋದರೆ ಅರ್ಧಕ್ಕಿಂತ ಹೆಚ್ಚು ಹೋದಂತೆ. ತಿಜಾನಿ ಮರದ ತೊಟ್ಟಿಯ ಅಂಚಿಗೆ ಅಂಟಿದ ಹಿಟ್ಟನ್ನು ಉಗುರಿನಿಂದ ಕೆರೆಯುತ್ತ ಕೂತ. ಬೈದಿದ್ದರೆ ವಜ್ದಿಗೆ ಸಲೀಸಾಗುತ್ತಿತ್ತು.

"ಅರ್ಧ ಹಿಟ್ಟಿಗೂ ಉರಿ ಅಷ್ಟೇ ಬೇಕು ಮಗಾ," ಎಂದ ಕೊನೆಗೆ. "ಒಂದು ತಿಂಗಳು ನಡೆಸ್ತೀನೇನೋ. ಆಮೇಲೆ ಆರಿಸಬೇಕು." ಎದ್ದು ಒಲೆಯ ಗೋಡೆಯನ್ನು ತಟ್ಟಲು ಹೋದವನು ತಟ್ಟದೆ ಕೈಯನ್ನು ಸುಮ್ಮನೆ ಅದರ ಮೇಲಿಟ್ಟ.

ವಜ್ದಿಯ ಬಾಯಿಗೆ ಆ ದಿನ ಯಾವ ಸಿನಿಮಾದ ಮಾತೂ ಬರಲಿಲ್ಲ. ಹೊರಗೆ ಬಂದು ಹತ್ತು ಹೆಜ್ಜೆ ನಡೆದ ಮೇಲೆ ಒಂದು ಬಂತು, ಆದರೆ ಕೇಳಲು ಯಾರೂ ಇರಲಿಲ್ಲ.

ಬುಧವಾರ ಕಾಫಿ ಅಂಗಡಿಯಲ್ಲಿ ಓಣಿಯವರೆಲ್ಲ ಸೇರಿದರು. ಕುಸ್ತಿ ಸಂಘದ ಹುಡುಗರನ್ನು ಬಾಡಿಗೆಗೆ ತಂದು ಹಾಲಿನ ಬಾಟಲಿ ಹಿಡಿಸಿ ನಿಲ್ಲಿಸೋಣ ಎಂದು ಕಟುಕ ಹೇಳಿದ. ತೂಕ ಸರಿಹೋಗುತ್ತದೆ, ಮೀಸೆ ಏನು ಮಾಡುವುದು ಎಂದು ಕ್ಷೌರಿಕ ಕೇಳಿದ. ಅಷ್ಟು ಹೊತ್ತಿಗೆ ಅವನಿಗೇ ಉತ್ತರ ಹೊಳೆದು, ತಲೆಗೆ ಇಷ್ಟು ಎಂದು ದರ ಹೇಳಿದ. ಅತಿಥಿಗಳಿಗೆಲ್ಲ ದಡಾರ ಬಂದಿದೆ ಎನ್ನೋಣ ಎಂದು ಮೇಷ್ಟರು ಹೇಳಿದರು. ಹಾಗೆಂದರೆ ಡಾಕ್ಟರು ಒಬ್ಬರ ಬದಲು ಹತ್ತು ಜನ ಬರುತ್ತಾರೆ ಎಂದು ಅವರ ಹೆಂಡತಿ ಬಾಯಿ ಮುಚ್ಚಿಸಿದರು. ಮನ್ನೂಬಿಯಾ ಮಾತ್ರ, ಪಾಷಾನನ್ನು ಸ್ನಾನ ಮಾಡಿಸಿ ಹಾಗೇ ನಿಲ್ಲಿಸೋಣ, ನೋಡುವ ಕಣ್ಣಿದ್ದವರಿಗೆ ಅವನಲ್ಲೇನು ಕಡಿಮೆ ಎಂದಳು.

ಕೊನೆಗೆ ವಜ್ದಿ ಕುರ್ಚಿಯ ಮೇಲೆ ಹತ್ತಿದ. "ಟಗರುಗಳೆಲ್ಲ ಚಾವಣಿ ಮೇಲೆ ಇರಲಿ. ಮೊಳೆ ಮೇಲಿನ ಚೀಲಗಳೆಲ್ಲ ಒಳಗೆ ಇರಲಿ. ಮೇಡಂ ನನಗಿರಲಿ."

ಈ ಮಾತಿಗೆ ಕಾಫಿ ಅಂಗಡಿಯವನು ಒಬ್ಬನೇ ಚಪ್ಪಾಳೆ ತಟ್ಟಿದ. ವಜ್ದಿಯ ಹಳೇ ಬಾಕಿಯ ಮೇಲೆ ಆಸೆಯಿಟ್ಟಿದ್ದವನು ಅವನು.

ಗುರುವಾರ ಹತ್ತು ಗಂಟೆಗೆ ಬಿಳಿ ಕಾರು ಓಣಿಯ ಬಾಯಿಗೆ ಬಂದು ನಿಂತಿತು. ಹಿಂದಿನ ವ್ಯಾನಿನಿಂದ ಆಳುದ್ದದ ತಕ್ಕಡಿ ಇಳಿಯಿತು. ತೆಳ್ಳನೆಯ ಪೌಷ್ಟಿಕ ತಜ್ಞ ಇಳಿದ. ಫೋಟೋಗ್ರಾಫರ್ ಇಳಿದ. ಎಲ್ಲರೂ ಇಳಿದ ಮೇಲೆ ಮೇಡಂ ಜಲೀಲಾ ಇಳಿದರು. ಬೂದು ಬಣ್ಣದ ಕೋಟು, ಕಪ್ಪು ಕನ್ನಡಕ, ಲೆಕ್ಕ ತಪ್ಪಿದ ಕಾಗದವನ್ನು ವಾಸನೆಯಿಂದಲೇ ಹಿಡಿಯುತ್ತಾರೆ ಎಂದು ಹೆಸರಾದವರು. ಅವರು ಸಿ ಮೊಂಜಿಯ ಸಲಾಮನ್ನಾಗಲಿ, ಸಾಲಾಗಿ ನಿಂತ ಓಣಿಯವರನ್ನಾಗಲಿ ನೋಡಲಿಲ್ಲ. ಬಾಗಿಲುಗಳ ಪಕ್ಕದ ಗೋಡೆಯನ್ನೇ ನೋಡುತ್ತ ಬಂದರು.

"ಇಷ್ಟೊಂದು ಮೊಳೆ ಯಾಕಿವೆ ಇಲ್ಲಿ?"

"ಕೋಟು ನೇತುಹಾಕೋಕೆ ಮೇಡಂ," ಎಂದ ವಜ್ದಿ.

"ಬೀದಿಯಲ್ಲಾ?"

"ನಮ್ಮ ಓಣಿಯಲ್ಲಿ ಕಳ್ಳರಿಲ್ಲ ಮೇಡಂ."

ಮೇಡಂ ಮುಂದೆ ನಡೆದರು. ಬೇಕರಿಯ ಮುಂದೆ ತಕ್ಕಡಿ ನಿಲ್ಲಿಸಿದರು. ಚಾವಣಿಗಳ ಮೇಲೆ ಅರವತ್ತನಾಲ್ಕು ಬಾಯಿಗಳನ್ನು ಮುಚ್ಚಿಸಲು ಅರವತ್ತನಾಲ್ಕು ಜನ ಹೋಗಿದ್ದರಿಂದ ಕೆಳಗೆ ನಿಂತವರೇ ಕಡಿಮೆ. ಮೇಡಂ ಸುತ್ತ ನೋಡಿ ಕೇಳಿದರು: "ಎಲ್ಲಿ ನಿಮ್ಮ ಅತಿಥಿಗಳು?"

ವಜ್ದಿ ಮುಂದೆ ಬಂದ. ಗಾಳಿಯೇ ಇಲ್ಲದ ಆ ಬೆಳಿಗ್ಗೆ ಎಲ್ಲಿಂದಲೋ ಗಾಳಿ ಬೀಸಿ ಅವನ ಅಂಗಿ ಹಾರಿತು. ಒಂದು ಕ್ಷಣ ಓಣಿಯೇ ಉಸಿರು ಹಿಡಿಯಿತು. ಅವನು ಬೆರಳೆತ್ತಲಿಲ್ಲ, ಹುಬ್ಬೆತ್ತಿದ ಅಷ್ಟೆ. "ಮೇಡಂ, ನೀವು ತಂದಿರೋ ತಕ್ಕಡಿಯಲ್ಲಿ ಗೋಧಿ ತೂಗಬಹುದು, ಹಡಗು ತೂಗಬಹುದು, ಬೇಕಾದ್ರೆ ಸರ್ಕಾರಾನೂ ತೂಗಬಹುದು. ಗಿರಣಿ ಓಣಿಯ ಅತಿಥೀನ ತೂಗೋ ತಕ್ಕಡಿ ಇನ್ನೂ ಹುಟ್ಟಿಲ್ಲ. ಹುಟ್ಟಿದ್ರೂ ಅದರ ಮುಳ್ಳು ಈ ಓಣಿಗೆ ಬಂದ ದಿನ ನಾಚಿಕೆಯಿಂದ ಕೆಳಗೆ ನೋಡುತ್ತೆ."

ಮೇಡಂ ನಿಧಾನವಾಗಿ ಕಪ್ಪು ಕನ್ನಡಕ ತೆಗೆದರು. ಅವರ ಕಣ್ಣಲ್ಲಿ ನೀರಿತ್ತು. ತಕ್ಕಡಿಯನ್ನು ವಾಪಸು ವ್ಯಾನಿಗೆ ಹಾಕಿ ಎಂದರು. ಪೌಷ್ಟಿಕ ತಜ್ಞ ವಜ್ದಿಯ ಕೈ ಕುಲುಕಿದ. ಕಾರು ತಿರುಗಿತು, ಧೂಳೆದ್ದಿತು, ಧೂಳಿನ ನಡುವೆ ವಜ್ದಿ ಒಬ್ಬನೇ ನಿಂತಿದ್ದ. ಆ ದಿನದಿಂದ ತಿಜಾನಿಯ ಹಿಟ್ಟು ಒಂದು ಹಿಡಿಯೂ ಕಡಿಮೆಯಾಗಲಿಲ್ಲ. ಒಲೆ ಇವತ್ತಿಗೂ ಉರಿಯುತ್ತಿದೆ.

ಹೀಗಾಯಿತು ಎಂದು ವಜ್ದಿ ಕಾಫಿ ಅಂಗಡಿಯಲ್ಲಿ ಹೇಳುತ್ತಾನೆ. ಅಲ್ಲಿ ಹೇಳಿದರೆ ಒಂದು ಕಾಫಿಯಾದರೂ ಗಿಟ್ಟುತ್ತದೆ. ನೀವು ಇಷ್ಟು ದೂರ ಜೊತೆಗೆ ಬಂದಿದ್ದೀರಿ, ಕಾಫಿ ಕೊಡಿಸುವ ಹಾಗೂ ಕಾಣುವುದಿಲ್ಲ. ನಿಮಗೆ ಸುಳ್ಳು ಹೇಳಿ ಏನು ಲಾಭ? ಒಲೆ ಉರಿಯುತ್ತಿರುವುದು ನಿಜ. ಉಳಿದದ್ದು ಹೀಗೆ.

ವಜ್ದಿ ಮುಂದೆ ಬಂದದ್ದೂ ನಿಜ. ಬಾಯಿ ತೆರೆದ. ಇಪ್ಪತ್ಮೂರು ವರ್ಷ ನೋಡಿದ ಅಷ್ಟೂ ಸಿನಿಮಾಗಳು ಒಟ್ಟಿಗೆ ಗಂಟಲಿಗೆ ಬಂದು ಬಾಗಿಲಲ್ಲೇ ಸಿಕ್ಕಿಕೊಂಡವು. "ಮೇ..." ಎಂದಷ್ಟೇ ಹೊರಬಂತು. ಮೇಡಂ ಎನ್ನಲು ಹೊರಟವನು ಅಲ್ಲೇ ನಿಂತ. ಅದಕ್ಕೆ ಚಾವಣಿಯ ಮೇಲಿಂದ ಪಾಷಾ ಉತ್ತರ ಕೊಟ್ಟಿತು. ಪಾಷಾನ ಹಿಂದೆಯೇ ಉಳಿದ ಅರವತ್ತಮೂರೂ ದನಿಗೂಡಿಸಿದವು. ಫೋಟೋಗ್ರಾಫರ್ ತಲೆಯೆತ್ತಿ ನೋಡಿದ. ಸಿ ಮೊಂಜಿ ಎದೆ ಹಿಡಿದುಕೊಂಡು ಕಲ್ಲಿನ ಮೇಲೆ ಕೂತ. ವಜ್ದಿ ಮಿಂಚಿನಂತೆ ಬೇಕರಿಯೊಳಗೆ ನುಗ್ಗಿ ಹಿಟ್ಟಿನ ಮೂಟೆಗಳ ಹಿಂದೆ ಅಡಗಿಕೊಂಡ.

ಮಾತಾಡಿದವನು ತಿಜಾನಿ. ಒಲೆಯಿಂದ ಆಗಷ್ಟೇ ತೆಗೆದ ಬ್ರೆಡ್ಡು ಅವನ ಕೈಯಲ್ಲಿತ್ತು, ಮೇಡಂಗೆ ಕೊಡಲೆಂದು ಹಿಡಿದದ್ದು. ಕೈಯಲ್ಲಿ ಬ್ರೆಡ್ಡು ಹಿಡಿದು ಸುಳ್ಳು ಹೇಳಿದರೆ ಕಣ್ಣು ಹೋಗುತ್ತದೆ ಎಂದು ಅವನ ಅಜ್ಜ ಹೇಳಿಕೊಟ್ಟಿದ್ದ. ಕೆಳಗಿಡೋಣವೆಂದರೆ ಪಕ್ಕದಲ್ಲಿ ನೆಲ ಬಿಟ್ಟು ಬೇರೆ ಜಾಗವಿರಲಿಲ್ಲ.

"ಟಗರುಗಳು ಮೇಡಂ," ಎಂದ. "ಉಳಿದ ಬ್ರೆಡ್ ತಿಂತಾವೆ. ನಮ್ಮ ಹುಡುಗ ನನ್ನ ಒಲೆ ಆರಬಾರದು ಅಂತ ಹಾಗೆ ಬರೆದ. ತಪ್ಪು ಅವನದಲ್ಲ, ನನ್ನದು ಅಂತ ಬರ್ಕೊಳ್ಳಿ."

ಮೂಟೆಯ ಹಿಂದೆ ಕೂತವನಿಗೆ ಈ ಮಾತು ಕೇಳಿಸಿತು. ಹೊರಗೆ ಬರಬೇಕು ಎಂದುಕೊಂಡ. ಬರಲಿಲ್ಲ.

ಮೇಡಂ ಜಲೀಲಾ ಮೊದಲು ಪೌಷ್ಟಿಕ ತಜ್ಞನನ್ನೂ ಫೋಟೋಗ್ರಾಫರನನ್ನೂ ಚೌಕದ ಮಿಠಾಯಿ ಅಂಗಡಿಗೆ ಕಳಿಸಿದರು. ಬೇಜಾಕ್ಕೆ ಬಂದು ಪಾಕದಲ್ಲಿ ಅದ್ದಿದ ಬಳೆಯಾಕಾರದ ಸಿಹಿ ತಿನ್ನದೆ ಹೋಗಬಾರದು, ನಿಧಾನವಾಗಿ ತಿನ್ನಿ ಎಂದರು. ಅವರು ತಿರುವು ದಾಟುವವರೆಗೆ ಕಾದು, ಡ್ರೈವರನಿಗೆ ಕಣ್ಸನ್ನೆ ಮಾಡಿದರು. ಡ್ರೈವರ್ ಸರ್ಕಾರಿ ಕಾರಿನ ಡಿಕ್ಕಿ ತೆರೆದು, ಎರಡು ಕೈಯಲ್ಲಿ ತಬ್ಬಿ ಹಿಡಿಯುವಷ್ಟು ದೊಡ್ಡ ಚೀಲವೊಂದನ್ನು ತಂದ. ಚೀಲದ ಬಾಯಿಂದ ಒಣಗಿದ ಬ್ರೆಡ್ಡಿನ ತುದಿಗಳು ಇಣುಕುತ್ತಿದ್ದವು.

ಇಲ್ಲಿ ಯಾರು ಹಿರಿಯರು ಎಂದು ಮೇಡಂ ಕೇಳಿದರು. ಎಲ್ಲರೂ ಮನ್ನೂಬಿಯಾಳನ್ನು ತೋರಿಸಿದರು.

"ಲಲ್ಲಾ, ನಾವಿರೋದು ನಾಲ್ಕನೇ ಮಹಡಿ," ಎಂದರು ಮೇಡಂ. ಈಗ ಅವರ ದನಿಯಲ್ಲಿ ಕಚೇರಿ ಇರಲಿಲ್ಲ. "ಅಲ್ಲಿ ಮೊಳೆ ಹೊಡೆಯೋಕೆ ಬಿಡಲ್ಲ, ತಗೊಂಡು ಹೋಗೋರೂ ಬರಲ್ಲ. ಕಸಕ್ಕೆ ಹಾಕೋಕೆ ನನ್ನ ಕೈ ಏಳಲ್ಲ. ಎರಡು ವಾರದಿಂದ ಡಿಕ್ಕಿಯಲ್ಲಿಟ್ಕೊಂಡು ಜಿಲ್ಲೆ ಜಿಲ್ಲೆ ತಿರುಗ್ತಿದೀನಿ. ಎಲ್ಲಿ ಹೋದ್ರೂ ನಾನು ಬರ್ತೀನಿ ಅಂತ ಚೀಲ ಎಲ್ಲ ಒಳಗಿಟ್ಟಿರ್ತಾರೆ. ಯಾರನ್ನ ಕೇಳಲಿ ನಾನು?"

ಮನ್ನೂಬಿಯಾ ಚೀಲದೊಳಗೆ ಕೈ ಹಾಕಿ ಒಂದು ಬ್ರೆಡ್ಡು ತೆಗೆದಳು. ಮೂಸಿದಳು. ಮುರಿದು ನೋಡಿದಳು. "ಕೆಳಗಿಂದು ಬೂಷ್ಟು ಬಂದಿದೆ ತಾಯಿ. ಅತಿಥಿಗೆ ಬೂಷ್ಟು ಹಿಡಿದಿದ್ದು ಹಾಕಲ್ಲ ನಾವು. ಮೇಲಿನದು ಇಟ್ಕೋತೀನಿ. ಇನ್ಮೇಲೆ ಬಿಸಿಲಿಗೆ ಒಣಗಿಸಿ ತಗೊಂಡು ಬಾ."

ದೇಶದ ಆಹಾರ ಲೆಕ್ಕವನ್ನೆಲ್ಲ ಕೈಯಲ್ಲಿಟ್ಟುಕೊಂಡಿದ್ದ ಹೆಂಗಸು ಶಾಲೆಯ ಹುಡುಗಿಯ ಹಾಗೆ ತಲೆಯಾಡಿಸಿದರು. ಆಮೇಲೆ ತಿಜಾನಿಯ ಕೈಯಲ್ಲಿದ್ದ ಬ್ರೆಡ್ಡಿನ ತುದಿ ಮುರಿದು ಬಾಯಿಗೆ ಹಾಕಿಕೊಂಡು, ಒಲೆಯ ಎದುರಿನ ಮೆಟ್ಟಿಲ ಮೇಲೆ ಕೂತು ನಮೂನೆ ತೆಗೆದರು. ತಮ್ಮ ಮನೆಯಿಂದ ತುಂಬಿದ ನಮೂನೆಯಲ್ಲೂ ಎರಡು ಕಡೆ ಸೊನ್ನೆಯೇ ಇದೆ, ತಮ್ಮ ಕಚೇರಿಯ ನೂರಿಪ್ಪತ್ತು ಜನರದ್ದರಲ್ಲೂ ಸೊನ್ನೆಯೇ ಇದೆ ಎಂದು ಯಾರಿಗೋ ಹೇಳಿದಂತೆ ಹೇಳಿಕೊಂಡರು. ಬಿಸಾಡಿದ್ದು ಎಂದು ಬರೆದರೆ ಸುಳ್ಳು, ಯಾರೂ ಬಿಸಾಡುವುದಿಲ್ಲ. ಪ್ರಾಣಿಗೆ ಎಂದು ಬರೆದರೆ ಒಲೆಗಳೆಲ್ಲ ಆರುತ್ತವೆ. ಪೆನ್ನು ತೆಗೆದು ಗಿರಣಿ ಓಣಿಯ ನಮೂನೆಯಲ್ಲಿ ವಯಸ್ಸು ಮತ್ತು ತೂಕದ ಕಾಲಮ್ಮುಗಳಿಗೆ ಗೀಟು ಎಳೆದರು. ಪಕ್ಕದಲ್ಲಿ ಬರೆದರು: ಅತಿಥಿಯ ವಯಸ್ಸು ಕೇಳುವುದು ಸಭ್ಯತೆಯಲ್ಲ.

ಅಷ್ಟಕ್ಕೆ ನೀತಿ ಬದಲಾಯಿತು. ಮುಂದಿನ ವರ್ಷದ ನಮೂನೆಯಲ್ಲಿ ವಯಸ್ಸು, ತೂಕದ ಕಾಲಮ್ಮುಗಳಿರಲಿಲ್ಲ. ಸುದ್ದಿ ಎಲ್ಲ ಊರಿನ ಎಲ್ಲ ಓಣಿಗೂ ಹೋಗಿ ದೇಶದಲ್ಲಿ ತಂಗಿರುವ ಅತಿಥಿಗಳು ಹತ್ತು ಲಕ್ಷ ದಾಟಿದರು. ಜನರ ಅತಿಥಿಸತ್ಕಾರ ಗುಣ ಹೆಚ್ಚುತ್ತಿದೆ ಎಂದು ವರದಿ ಬಂತು. ಅಷ್ಟು ಜನ ಅತಿಥಿಗಳಿಗೆ ಸಾಲದೆಂದು ಇನ್ನೊಂದು ಹಡಗು ಗೋಧಿ ತರಿಸಿದರು. ಎರಡು ತಟ್ಟೆಗಳೂ ಸಮವಾದವು.

ಆ ವರ್ಷದ ಹಬ್ಬ ಕಳೆದ ವಾರ ಮಾತ್ರ ಒಂದು ಕಾಗದ ಬಂತು, ಕೆಳಗಿನ ಯಾವನೋ ಗುಮಾಸ್ತನದ್ದು. ಗಿರಣಿ ಓಣಿಯ ಅರವತ್ತನಾಲ್ಕು ಅತಿಥಿಗಳು ಒಂದೇ ದಿನ ಲೆಕ್ಕದಿಂದ ಇಲ್ಲವಾಗಿದ್ದಾರೆ, ಎಲ್ಲಿಗೆ ಹೋದರು, ಕಾರಣ ಬರೆದು ಕಳಿಸಿ. ಸಿ ಮೊಂಜಿ ಮತ್ತೆ ಎದೆ ಹಿಡಿದುಕೊಂಡ. ವಜ್ದಿ ಕಾಗದ ತೆಗೆದುಕೊಂಡು ಮನ್ನೂಬಿಯಾಳ ಮನೆಗೆ ಹೋದ. ಮೆಟ್ಟಿಲ ಕೆಳಗೆ ಖಾಲಿ ಹಗ್ಗ ಬಿದ್ದಿತ್ತು. ಮುದುಕಿ ಅದನ್ನು ಒಂದು ಗಳಿಗೆ ನೋಡಿ ಹೇಳಿದಳು: "ಎಲ್ಲೂ ಹೋಗಿಲ್ಲ, ನಮ್ಮ ಮನೆಯವರಲ್ಲೇ ಒಂದಾಗಿಬಿಟ್ರು ಅಂತ ಬರಿ."

ಅದನ್ನು ಮುತ್ತಿನಂಥ ಅಕ್ಷರದಲ್ಲಿ ಬರೆದು ಕಳಿಸಿದವನು ವಜ್ದಿ. ಈ ಕಥೆಯಲ್ಲಿ ಅವನು ಮಾಡಿದ ಸಾಹಸ ಅಷ್ಟೆ. ಗುರುವಾರ ಬಿಳಿ ಕಾರು ಹೋಗಿ ಅರ್ಧ ಗಂಟೆಯಾದ ಮೇಲೆ ತಿಜಾನಿ ಮಾವ ಮೂಟೆ ಸರಿಸಿ, "ಬಾರೋ ಹೀರೋ, ಪಿಕ್ಚರ್ ಮುಗೀತು" ಎಂದು ಕೈ ಕೊಟ್ಟು ಎಬ್ಬಿಸಿದ. ತಲೆ, ಹುಬ್ಬು, ಮೀಸೆ ಎಲ್ಲ ಹಿಟ್ಟು. ಮಾವ ತನ್ನ ಏಪ್ರನ್ನಿನಲ್ಲಿ ಮುಖ ಒರೆಸಿದ, ಒಂದು ಮಾತೂ ಬೈಯಲಿಲ್ಲ. ಮೂಗಿಗೆ ಹೋದ ಹಿಟ್ಟಿಗೆ ಆಮೇಲೆ ಮೂರು ದಿನ ನಾನು ಸೀನುತ್ತಲೇ ಇದ್ದೆ.